ಸಾಕ್ಷಿ ತಟ್ಟೆ

ಕ್ವಾರಂಟೈನಿನ ನಾಲ್ಕನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಇಸ್ಮತ್‌ಳ ಫೋನಿಗೆ ಆರು ಅಂಕಿಯ ಒಂದು ಓಟಿಪಿ ಬಂತು. ಅವಳು ಕೇಳಿರಲಿಲ್ಲ. ಅದರ ಬೆನ್ನಿಗೇ ರಮಾನಂದರ ಫೋನೂ ಬಂತು.

"ಓಟಿಪಿ ಬಂತಲ್ಲ ಮಾರಾಯ್ತಿ? ಒಂಚೂರು ಹೇಳಿಬಿಡು. ಪಾಕು ಹೊಳೆಯ ರಿಪೋರ್ಟ್ ಇವತ್ತೇ ಅಪ್‌ಲೋಡ್ ಆಗ್ಬೇಕು."

"ಹೇಳ್ತೀನ್ರಿ ಸರ್. ಮೊದಲ ರಿಪೋರ್ಟ್ ಕಳಸ್ರಿ, ಓದ್ತೀನಿ."

"ಎಂತ ಓದ್ಲಿಕ್ಕುಂಟು ಅದರಲ್ಲಿ? ನೀನೇ ಮಾಡಿದ ಟೆಸ್ಟ್ ಅಲ್ವಾ?"

"ಅದಕ್ಕ ಓದ್ಬೇಕ್ರಿ."

"ಕಳಿಸ್ತೇನೆ" ಎಂದು ರಮಾನಂದರು ಫೋನ್ ಇಟ್ಟರು. ಪೆಟಾಲಿಂಗ್ ಜಯಾದಲ್ಲಿ ನೀರು ಪರೀಕ್ಷೆ ಮಾಡುವ ಸಣ್ಣ ಪ್ರಯೋಗಾಲಯವೊಂದರ ಮಾಲೀಕರು ಅವರು. ಕುಂದಾಪುರ ಕಡೆಯವರು, ಮಲೇಷ್ಯಾಕ್ಕೆ ಬಂದು ಇಪ್ಪತ್ತೆರಡು ವರ್ಷ. ಇಸ್ಮತ್ ಅಲ್ಲಿನ ಮುಖ್ಯ ಕೆಮಿಸ್ಟ್. ಅವಳ ಸಹಿಯಿಲ್ಲದೆ ಅಲ್ಲಿಂದ ಯಾವ ವರದಿಯೂ ಹೊರಗೆ ಹೋಗುವಂತಿಲ್ಲ. ಸಹಿ ಈಗ ಕಾಗದದ ಮೇಲಲ್ಲ, ಕಂಪ್ಯೂಟರಿನಲ್ಲಿ. ಆ ಸಹಿಯ ಬೀಗದ ಕೈ ಅವಳ ಫೋನಿಗೆ ಬರುವ ಆರು ಅಂಕಿ.

ಅವಳಿದ್ದದ್ದು ಸುಬಾಂಗ್ ಜಯಾದ ಹನ್ನೊಂದನೆಯ ಮಹಡಿಯ ಫ್ಲ್ಯಾಟಿನಲ್ಲಿ. ೨೦೨೧ರ ಜುಲೈ. ಕೆಳಗಿನ ಗಾರ್ಡ್‌ಗೆ ಪಾಸಿಟಿವ್ ಬಂದದ್ದೇ ತಡ, ಅವನ ಕೈಯಿಂದ ಪಾರ್ಸೆಲ್ ಇಸಿದುಕೊಂಡವರಿಗೆಲ್ಲ ಮಣಿಕಟ್ಟಿಗೆ ಗುಲಾಬಿ ಪಟ್ಟಿ ಕಟ್ಟಿ ಹತ್ತು ದಿನ ಮನೆಯಲ್ಲೇ ಕೂರಿಸಿದ್ದರು. ಲ್ಯಾಬಿನ ಕೆಲಸ ಅರ್ಧಕ್ಕೆ ಬಿಟ್ಟು ಬಂದದ್ದಲ್ಲ, ಅಷ್ಟರಮಟ್ಟಿಗೆ ಅವಳಿಗೆ ನೆಮ್ಮದಿ. ಪಾಕು ಹೊಳೆಯ ಎಣಿಕೆ ಪಟ್ಟಿ ಕಟ್ಟುವ ಹಿಂದಿನ ದಿನವೇ ಮುಗಿದಿತ್ತು.

ಆ ಎಣಿಕೆಯ ಕತೆ ಶುರುವಾದದ್ದು ಮಾತ್ರ ಲ್ಯಾಬಿನಲ್ಲಲ್ಲ, ಅವಳ ಅಡಿಗೆಮನೆಯ ಸಿಂಕಿನಲ್ಲಿ.

ಜೂನ್‌ನಲ್ಲಿ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ ಅವಳ ಫ್ಲ್ಯಾಟಿನ ಕಟ್ಟಡದ ಮುಂದೆ ಬರುತ್ತಿದ್ದ ಮೀನಿನ ಲಾರಿ ನಿಂತುಹೋಯಿತು. ಆಗ ಒಂದು ಹಳೇ ವ್ಯಾನು ತಂದು ಗೇಟಿನ ಹೊರಗೆ ನಿಲ್ಲಿಸಿದವಳು ಜೈತುನ್. ಎಲ್ಲರೂ ಅವಳನ್ನು ಮಕ್‌ಚಿಕ್ ಅನ್ನುತ್ತಿದ್ದರು, ನಮ್ಮಲ್ಲಿ ಚಿಕ್ಕಮ್ಮ ಅಂದ ಹಾಗೆ. ಅರವತ್ತು ದಾಟಿದ ಮಲಯ್ ಹೆಂಗಸು. ಪಾಕು ಹೊಳೆಯ ಕೆಳಹರಿವಿನಲ್ಲಿ ಬಲೆಯ ಪಂಜರ ಕಟ್ಟಿ ತಿಲಾಪಿಯಾ ಸಾಕುತ್ತಿದ್ದಳು. ಊಟಕ್ಕಿಲ್ಲದವರು ಕಿಟಕಿಗೆ ಬಿಳಿ ಬಟ್ಟೆ ಕಟ್ಟಿ ಅಂತ ಊರಲ್ಲೆಲ್ಲ ಮಾತು ಹರಡಿತ್ತಲ್ಲ, ಆ ದಿನಗಳವು. ಮಕ್‌ಚಿಕ್ ಕತ್ತೆತ್ತಿ ಎದುರಿನ ಹಳೇ ಕಟ್ಟಡದ ಕಿಟಕಿಗಳನ್ನು ನೋಡುವಳು. ಬಿಳಿ ಬಟ್ಟೆ ಕಂಡ ಮನೆಗೆ ಮೀನು ತೂಗದೆಯೇ ಕಳಿಸುವಳು. ಹಣದ ಮಾತೆತ್ತಿದರೆ ಬೈಯುವಳು.

ಅಂಥವಳ ಮೀನನ್ನು ಒಂದು ಮಧ್ಯಾಹ್ನ ಇಸ್ಮತ್ ಹೊಟ್ಟೆ ಸೀಳಿ ತೊಳೆಯುತ್ತಿದ್ದಾಗ ಕರುಳಿನಿಂದ ಹಸಿರು ಕಾಳು ಉದುರಿದವು. ಹೆಸರುಬೇಳೆಯ ನುಚ್ಚಿನಷ್ಟು. ಉಗುರಿನ ನಡುವೆ ಒತ್ತಿದಳು, ಒಡೆಯಲಿಲ್ಲ. ಗ್ಯಾಸಿನ ಉರಿಯಲ್ಲಿ ಸೂಜಿ ಕಾಯಿಸಿ ಚುಚ್ಚಿದಳು. ಕಾಳು ಕರಗಿ ಸೂಜಿಗಂಟಿಕೊಂಡಿತು, ಅಡಿಗೆಮನೆಯೆಲ್ಲ ಬಕೆಟ್ ಸುಟ್ಟ ವಾಸನೆ.

"ಅಮ್ಮಿ, ಈ ಸ್ಮೆಲ್ ಏನು? ಸೋ ಗ್ರಾಸ್!" ಎಂದು ಒಳಗಿನಿಂದ ಮಗಳು ಲುಬ್ನಾ ಕೂಗಿದಳು. ಅವಳಿಗೆ ಆನ್‌ಲೈನ್ ಕ್ಲಾಸು.

"ಪ್ಲಾಸ್ಟಿಕ್ಕು. ನಮ್ಮ ಊಟ," ಅಂದಳು ಇಸ್ಮತ್.

ಪಂಜರಗಳಿಂದ ಎರಡು ಮೈಲಿ ಮೇಲೆ ಹೊಳೆಯ ದಂಡೆಯಲ್ಲೊಂದು ಕಾರ್ಖಾನೆ. ಹಳೇ ಪ್ಲಾಸ್ಟಿಕ್ ತೊಳೆದು, ಪುಡಿ ಮಾಡಿ, ಕರಗಿಸಿ ಹಸಿರು ಕಾಳು ಮಾಡುತ್ತದೆ. ಆ ಹಳೇ ಪ್ಲಾಸ್ಟಿಕ್ಕಾದರೂ ಎಲ್ಲಿಯದು? ಸಾವಿರಾರು ಮೈಲಿ ಆಚೆಯ ಸಿರಿವಂತ ದೇಶಗಳದ್ದು! ಅಲ್ಲಿನವರು ಮೊಸರಿನ ಡಬ್ಬಿ ತೊಳೆದು, ಬೇರೆ ತೊಟ್ಟಿಗೆ ಹಾಕಿ, ಭೂಮಿ ಉಳಿಸಿದೆವು ಎಂದು ಪುಣ್ಯ ಕಟ್ಟಿಕೊಂಡು ಮಲಗುತ್ತಾರೆ. ಆ ಪುಣ್ಯವೆಲ್ಲ ಹಡಗು ಹತ್ತಿ ಇಲ್ಲಿಗೆ ಬಂದು ಮಕ್‌ಚಿಕ್‌ಳ ಮೀನಿನ ಹೊಟ್ಟೆ ಸೇರುತ್ತದೆ. ಗೋಡೆಯ ಮೇಲೆ ಎಲೆಯ ಚಿತ್ರ ಬೇರೆ ಬರೆಸಿದ್ದಾರೆ, ಹಸಿರು ಉದ್ಯಮವಂತೆ. ಇವರ ಹಸಿರಿಗಿಷ್ಟು ಬೆಂಕಿ ಹಾಕ!

ಆ ಕಾರ್ಖಾನೆ ಇನ್ನೆರಡು ಯಂತ್ರ ಹಾಕಲು ಅರ್ಜಿ ಕೊಟ್ಟಿತ್ತು. ಹೊಳೆಗೆ ಬಿಡುವ ನೀರಿನಲ್ಲಿ ಎಷ್ಟು ಪ್ಲಾಸ್ಟಿಕ್ ಚೂರಿದೆ ಎಂದು ಪರೀಕ್ಷೆ ಮಾಡಿಸಿ ತನ್ನಿ, ಲೀಟರಿಗೆ ಐವತ್ತು ದಾಟಿದರೆ ಅರ್ಜಿ ತಿರಸ್ಕಾರ ಎಂದು ಪರಿಸರ ಇಲಾಖೆಯವರು ಷರತ್ತು ಹಾಕಿದ್ದರು. ಪರೀಕ್ಷೆಯ ಕೆಲಸ ರಮಾನಂದರ ಲ್ಯಾಬಿಗೇ ಬಂತು. ಕಡತದ ಮೇಲೆ ಪಾಕು ಹೊಳೆಯ ಹೆಸರು ನೋಡಿದಾಗ ಇಸ್ಮತ್‌ಗೆ ಸೂಜಿಯ ವಾಸನೆ ಮತ್ತೆ ಮೂಗಿಗೆ ಬಂತು.

ಇಲ್ಲಿ ಅವಳ ಕೆಲಸದ ರೀತಿ ಸ್ವಲ್ಪ ಹೇಳಬೇಕು. ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಎಣಿಸುವವರಿಗೆ ದೊಡ್ಡ ಶತ್ರು ಅವರ ಮೈಮೇಲಿನ ಬಟ್ಟೆಯೇ. ಪಾಲಿಯೆಸ್ಟರ್ ತೊಟ್ಟು ಕೈಯಾಡಿಸಿದರೆ ಸಾಕು, ಎಳೆ ಉದುರಿ ನೀರಿಗೆ ಬಿದ್ದು ಲೆಕ್ಕ ಕೆಡುತ್ತದೆ. ಅದಕ್ಕೇ ಎರಡು ಉಪಾಯ. ಒಂದು, ಮೈಮೇಲೆ ಹತ್ತಿ ಬಟ್ಟೆ ಮಾತ್ರ, ಅದೂ ಹೊಳೆಯಲ್ಲಿ ಸಿಗದಂಥ ಗಾಢ ಬಣ್ಣದ್ದು. ಎಳೆ ಉದುರಿದರೂ ಇದು ನಮ್ಮದೇ ಎಂದು ಗುರುತು ಸಿಗಬೇಕು. ಎರಡು, ನೀರು ತುಂಬಿಕೊಳ್ಳುವಾಗ ಪಕ್ಕದಲ್ಲಿ ಶುದ್ಧ ನೀರಿನ ಒಂದು ಗಾಜಿನ ತಟ್ಟೆಯನ್ನು ಬಾಯ್ತೆರೆದು ಇಡುವುದು. ಗಾಳಿಯಿಂದಲೋ ನಮ್ಮ ಮೈಯಿಂದಲೋ ಏನು ಉದುರಿದರೂ ಆ ತಟ್ಟೆಗೂ ಬೀಳುತ್ತದೆ. ತಟ್ಟೆಯಲ್ಲಿ ಸಿಕ್ಕಷ್ಟನ್ನು ಹೊಳೆಯ ಲೆಕ್ಕದಿಂದ ಕಳೆಯುತ್ತಾರೆ. ಲ್ಯಾಬಿನವರು ಅದಕ್ಕೆ ಬ್ಲ್ಯಾಂಕ್ ಅನ್ನುತ್ತಾರೆ. ಇಸ್ಮತ್ ಸಾಕ್ಷಿ ತಟ್ಟೆ ಅನ್ನುತ್ತಿದ್ದಳು.

ಗಾಢ ಬಣ್ಣಕ್ಕೆ ಅವಳು ಪೇಟೆ ಅಲೆಯಬೇಕಾಗಿರಲಿಲ್ಲ. ಅವಳ ತವರು ಗಜೇಂದ್ರಗಡ, ತಾಯಿ ಮಗ್ಗದ ಮೇಲೆ ಕೂತು ಬೆಳೆದವಳು. ಆರು ವರ್ಷದ ಹಿಂದೆ ಮಗಳ ಕೆಲಸದ ರೀತಿ ಕೇಳಿ, ದಾಸವಾಳಗೆಂಪು ನೂಲಿನ ಎಂಟು ಓಢಣಿ ನೇಯಿಸಿ ಕಳಿಸಿದ್ದಳು. ತಲೆಗೂ ಅದೇ, ಕೊರೊನಾ ಬಂದ ಮೇಲೆ ಒಂದನ್ನು ಕತ್ತರಿಸಿ ಸರ್ಜಿಕಲ್ ಮಾಸ್ಕಿನ ಮೇಲೆ ಕಟ್ಟುವ ಮುಸುಕಿಗೂ ಅದೇ. "ಏನಮ್ಮ ಕೆಂಪು ಬಾವುಟ, ಸ್ಟ್ರೈಕ್ ಉಂಟಾ ಇವತ್ತು?" ಎಂದು ರಮಾನಂದರು ದಿನಾ ಚೇಷ್ಟೆ ಮಾಡುವರು. ತಮಾಷೆಯೆಂದರೆ ಗಾಢ ಹತ್ತಿಯ ನಿಯಮ ಬರೆದು ಗೋಡೆಗೆ ಅಂಟಿಸಿದವರು ಅವರೇ. ಒಂದು ಕಾಲದಲ್ಲಿ ಅವರೂ ಕೈತುಂಬ ಕೆಲಸ ಮಾಡಿದವರು. ಈಗ ಎಂಟು ವರ್ಷದಿಂದ ಎಸಿ ಕೋಣೆ, ಇಸ್ತ್ರಿ ಬೇಡದ ಬಿಳಿ ಪಾಲಿಯೆಸ್ಟರ್ ಕೋಟು.

ಪಾಕು ಹೊಳೆಯ ನೀರನ್ನು ಅವಳು ಕಾರ್ಖಾನೆಯ ತೂಬಿನ ಕೆಳಗೇ ತುಂಬಿದ್ದಳು, ಷರತ್ತಿನಲ್ಲಿದ್ದ ಜಾಗದಲ್ಲೇ. ಲೀಟರಿಗೆ ನಾನೂರ ಹನ್ನೆರಡು ಚೂರು. ಸಾಕ್ಷಿ ತಟ್ಟೆಯಲ್ಲಿ ಐದು: ಮೂರು ಅವಳ ಕೆಂಪು ಎಳೆ, ಎರಡು ಮಾಸ್ಕಿನ ನೀಲಿ. ಕಳೆದರೆ ನಾನೂರ ಏಳು. ನೋಟ್‌ಬುಕ್ಕಿನಲ್ಲಿ ಬರೆದು, ಕಪಾಟಿನಲ್ಲಿಟ್ಟು, ಕೈ ತೊಳೆದು ಮನೆಗೆ ಬಂದಿದ್ದಳು.

ಈಗ ಫೋನಿನಲ್ಲಿ ಬಂದ ವರದಿ ತೆರೆದಳು. ಹೊಳೆಯ ನೀರು: ನಾನೂರ ಹನ್ನೆರಡು. ಸರಿ. ಬ್ಲ್ಯಾಂಕ್: ಮುನ್ನೂರ ತೊಂಬತ್ತೊಂದು. ನಿವ್ವಳ: ಇಪ್ಪತ್ತೊಂದು. ಷರತ್ತಿನೊಳಗಿದೆ. ಕೆಳಗೆ ಅವಳ ಹೆಸರು, ಪದವಿ, ಸಹಿಗೆ ಜಾಗ.

ಅವಳು ಮೂರು ಸಲ ಓದಿದಳು. ಅಬ್ಬಾ ಇವರ ಧೈರ್ಯವೇ! ಹೊಳೆಯ ಅಂಕಿಯನ್ನು ಮುಟ್ಟಿಲ್ಲ, ಪಕ್ಕದ ತಟ್ಟೆಯನ್ನು ತುಂಬಿಸಿದ್ದಾರೆ. ಕಾರ್ಖಾನೆಯ ಹೇಲನ್ನೆಲ್ಲ ಗಾಳಿಯ ತಲೆಗೆ ಕಟ್ಟಿದ್ದಾರೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

"ಸರ್, ಮುನ್ನೂರ ತೊಂಬತ್ತೊಂದು ಎಲ್ಲಿಂದ ಬಂತ್ರಿ?" ಎಂದು ತಾನೇ ಫೋನ್ ಮಾಡಿ ಕೇಳಿದಳು.

"ನಾನೇ ಮತ್ತೆ ಎಣಿಸಿದ್ದು. ನೀನು ಅವಸರದಲ್ಲಿ ಬ್ಲ್ಯಾಂಕ್ ಪ್ಲೇಟನ್ನು ಬೇರೊಂದರ ಜೊತೆ ಅದಲು ಬದಲು ಮಾಡಿದ್ದಿ. ಸುಸ್ತು ಪಾಪ, ಡಬಲ್ ಶಿಫ್ಟ್ ಅಲ್ವಾ? ತಪ್ಪು ಯಾರಿಗೂ ಆಗ್ತದೆ."

"ನಾ ಅದಲು ಬದಲು ಮಾಡಿಲ್ರಿ."

"ಮಾಸ್ಕು ಹಾಕಿದ್ದಿ ಅಲ್ವಾ? ಮಾಸ್ಕೇ ಪ್ಲಾಸ್ಟಿಕ್ಕು. ಮೇಲಿಂದ ನಿನ್ನ ಆ ಶಾಲು. ಎಲ್ಲ ಉದುರಿ ಉದುರಿ ಬಿದ್ದದ್ದು. ಈ ವರ್ಷ ಇಡೀ ಪ್ರಪಂಚದಲ್ಲೇ ಬ್ಲ್ಯಾಂಕ್ ಹಾಳಾಗಿದೆ ಮಾರಾಯ್ತಿ, ಯಾರೂ ಕೇಳುದಿಲ್ಲ." ಆಮೇಲೆ ದನಿ ತಗ್ಗಿಸಿ, ಬೆಣ್ಣೆ ಸವರಿದ ಹಾಗೆ ಹೇಳಿದರು, "ನಿನ್ನ ವರ್ಕ್ ಪಾಸ್ ಆಗಸ್ಟ್ ಕೊನೆಗಲ್ವಾ ಮುಗಿಯುದು? ರಿನ್ಯೂವಲ್ ಲೆಟರ್ ಟೈಪ್ ಮಾಡಿ ಇಟ್ಟಿದ್ದೇನೆ. ನಮ್ಮೂರವಳು ಅಂತ. ಮಧ್ಯಾಹ್ನ ಮೂರಕ್ಕೆ ಇಲಾಖೆಯವರ ಜೊತೆ ಜೂಮ್ ಉಂಟು. ಹೌದು ಅಂತ ಒಂದು ಮಾತು ಹೇಳು, ಓಟಿಪಿ ಕೊಡು, ಮುಗೀತು."

ಫೋನ್ ಇಟ್ಟು ತಿರುಗಿದರೆ ಗಂಡ ಜಲೀಲ್ ಬಾಗಿಲಲ್ಲಿ ನಿಂತಿದ್ದ. ಕಟ್ಟಡಗಳ ಸೈಟ್ ಎಂಜಿನಿಯರ್ ಆಗಿದ್ದವನು, ಮೊದಲ ಲಾಕ್‌ಡೌನಿನಲ್ಲೇ ಕೆಲಸ ಹೋಗಿತ್ತು. ಈಗ ಮೂವರೂ ಈ ದೇಶದಲ್ಲಿ ಇರುವುದು ಇಸ್ಮತ್‌ಳ ಒಂದು ಪಾಸಿನ ಮೇಲೆ. ಲುಬ್ನಾಳ ಹತ್ತನೆಯ ಪರೀಕ್ಷೆಗೆ ನಾಲ್ಕು ತಿಂಗಳು. ಪಾಸ್ ಹೋದರೆ ಮೂಟೆ ಕಟ್ಟಬೇಕು.

"ಏನಂತ ನಿಮ್ಮ ಸಾಹೇಬ?"

ಹೇಳಿದಳು. ಜಲೀಲ್ ಗೋಡೆಗೆ ಒರಗಿ ಕೆಳಗೆ ಕೂತ.

"ನೋಡ, ನಾ ಒಂದ ಮಾತ್ ಕೇಳ್ತೀನಿ, ಸಿಟ್ಟಾಗಬ್ಯಾಡ. ಅವತ್ತ ಮಳಿ ಬಂದಿತ್ತು. ದಾರ್ಯಾಗ ಪೊಲೀಸ್ರು ಎರಡ ಸಲ ನಿಲ್ಲಿಸಿದ್ರು ಅಂದಿ. ಖರೇನ ತಟ್ಟಿ ಅದಲು ಬದಲು ಆಗಿರಬಹುದಲ್ಲ?"

"ನೀನೂ ಹಂಗ ಅಂತಿಯೇನು?"

"ಅನ್ನಾಕತ್ತಿಲ್ಲ. ಕೇಳಾಕತ್ತೀನಿ."

ಇಲ್ಲ ಎಂದು ಖಡಾಖಂಡಿತ ಹೇಳಲು ಅವಳಿಗೆ ಧೈರ್ಯವಿರಲಿಲ್ಲ. ಆ ದಿನ ತಟ್ಟೆಗಳ ಮೇಲೆ ಚೀಟಿ ಅಂಟಿಸಿದ್ದು ನೆನಪಿತ್ತು, ಆದರೆ ಒದ್ದೆ ಕೈಯಲ್ಲಿ ಒಂದು ಚೀಟಿ ಜಾರಿದ್ದೂ ನೆನಪಿತ್ತು. ನೋಟ್‌ಬುಕ್ ಲ್ಯಾಬಿನಲ್ಲಿ, ತಟ್ಟೆ ಲ್ಯಾಬಿನಲ್ಲಿ, ಬೀಗ ರಮಾನಂದರ ಕೈಯಲ್ಲಿ. ಇವಳ ಕೈಯಲ್ಲಿ ಗುಲಾಬಿ ಪಟ್ಟಿ. ಎರಡು ಗಂಟೆ ಹೊತ್ತು ಮನೆಯೊಳಗೆ ಸುತ್ತಿದಳು, ಒಂದೇ ಪಾತ್ರೆಯನ್ನು ಮೂರು ಸಲ ತೊಳೆದಳು. ಸುಳ್ಳು ಹೇಳುವವನಿಗಿಂತ, ಸುಳ್ಳು ಹೇಳಿ ನಮ್ಮ ನೆನಪಿನ ಮೇಲೆ ನಮಗೇ ಅನುಮಾನ ಹುಟ್ಟಿಸುವವನು ದೊಡ್ಡ ಪಾಪಿ.

ಮೂರು ಗಂಟೆಗೆ ಲುಬ್ನಾ ತನ್ನ ಲ್ಯಾಪ್‌ಟಾಪ್ ಊಟದ ಮೇಜಿನ ಮೇಲಿಟ್ಟು ಜೂಮ್ ಹಾಕಿಕೊಟ್ಟಳು. "ಅಮ್ಮಿ, ಡೋಂಟ್ ಶೌಟ್, ಓಕೆ?" ಎಂದು ಎಚ್ಚರಿಕೆ ಕೊಟ್ಟಳು. ಇಸ್ಮತ್ ಕೆಂಪು ಓಢಣಿಯನ್ನು ತಲೆಗೆ ಬಿಗಿಯಾಗಿ ಸುತ್ತಿಕೊಂಡು ಕೂತಳು.

ಪರದೆಯ ಮೇಲೆ ನಾಲ್ಕು ಚೌಕ. ಒಂದರಲ್ಲಿ ಇಲಾಖೆಯ ಅಧಿಕಾರಿ ರೋಹಾನಾ, ಕನ್ನಡಕದ ಹಿಂದೆ ದಣಿದ ಕಣ್ಣು. ಒಂದರಲ್ಲಿ ಕಾರ್ಖಾನೆಯ ಮ್ಯಾನೇಜರ್, ಹಿಂದೆ ಅದೇ ಹಸಿರು ಎಲೆಯ ಗೋಡೆ. ಒಂದರಲ್ಲಿ ರಮಾನಂದರು, ಬಿಳಿ ಕೋಟು, ಹಣೆಯಲ್ಲಿ ಗಂಧ. ನಾಲ್ಕನೆಯದರಲ್ಲಿ ಇವಳು. ಮಾತೆಲ್ಲ ಇಂಗ್ಲಿಷಿನಲ್ಲಿ, ನಡುನಡುವೆ ಮಲಯ್.

"ಬ್ಲ್ಯಾಂಕ್ ಇಷ್ಟು ಹೆಚ್ಚು ಬಂದದ್ದನ್ನು ನಾನು ಎಲ್ಲೂ ನೋಡಿಲ್ಲ," ಎಂದು ರೋಹಾನಾ ಶುರು ಮಾಡಿದರು. "ವಿವರಣೆ ಬೇಕು."

ರಮಾನಂದರು ಎರಡು ಚಿತ್ರ ಹಾಕಿದರು. ಎಡಕ್ಕೆ ಹೊಳೆಯ ನೀರು, ಬಲಕ್ಕೆ ಬ್ಲ್ಯಾಂಕ್. ಎರಡರಲ್ಲೂ ಹಸಿರು ಚೂರುಗಳ ರಾಶಿ. "ಮೇಡಂ, ಕೋವಿಡ್ ಕಾಲ. ಮಾಸ್ಕ್, ಗ್ಲೌಸ್, ಎಲ್ಲವೂ ಪ್ಲಾಸ್ಟಿಕ್. ನಮ್ಮ ಕೆಮಿಸ್ಟ್ ಪ್ರಾಮಾಣಿಕ ಹೆಂಗಸು. ಆದರೆ ಆಯಾಸದಲ್ಲಿ ಮಾದರಿಯನ್ನು ಕಲುಷಿತಗೊಳಿಸಿದ್ದಾರೆ. ಅವರೇ ಒಪ್ಪಿಕೊಳ್ಳುತ್ತಾರೆ."

ಕಾರ್ಖಾನೆಯ ಮ್ಯಾನೇಜರ್‌ಗೆ ಅಷ್ಟು ಸಾಲಲಿಲ್ಲ. ಗೆದ್ದೆತ್ತಿನ ಬಾಲ ಹಿಡಿಯುವ ಆತುರ. "ಕೆಮಿಸ್ಟ್‌ಗೆ ಅವಮಾನ ಮಾಡಲು ಹೇಳುತ್ತಿಲ್ಲ," ಅಂದ ಅವನು, "ಆದರೆ ನೀವೇ ನೋಡಿ, ಈಗಲೂ ಅದನ್ನೇ ಸುತ್ತಿಕೊಂಡಿದ್ದಾರೆ. ನಮ್ಮ ಗೇಟಿನ ಕ್ಯಾಮೆರಾದಲ್ಲೂ ಇದೆ, ಅವತ್ತೂ ಇದೇ ಕೆಂಪು ಬಟ್ಟೆ. ಒಂದು ಗಂಟೆ ನೀರಿನ ಮೇಲೆ ಬಗ್ಗಿ ನಿಂತಿದ್ದರು. ಅಂಥ ಒರಟು ಬಟ್ಟೆ ಎಳೆ ಬಿಡದೆ ಇರುತ್ತದೆಯೇ? ಉದುರಿದ್ದೆಲ್ಲ ನಮ್ಮ ತಲೆಗೆ ಬಂತು."

ತಾಯಿ ನೂಲಿಗೆ ಬಣ್ಣ ಹಾಕಿಸಿ ನೇಯಿಸಿದ ಬಟ್ಟೆ! ಇಸ್ಮತ್ ಬಾಯಿಗೆ ಬಂದ ಬೈಗುಳ ನುಂಗಿಕೊಂಡು ಪರದೆಯ ಮೇಲೆ ತನ್ನದೇ ಮುಖ ನೋಡಿದಳು, ಕೆಂಪು ಬಟ್ಟೆ ನೋಡಿದಳು. ಆಮೇಲೆ ಪಕ್ಕದ ಎರಡು ಚಿತ್ರ ನೋಡಿದಳು. ಎಡಗಡೆಯದರಲ್ಲಿ ಹಸಿರಿನ ನಡುವೆ ಕೂದಲಿನಂಥ ಕೆಂಪು ಗೆರೆ. ಒಂದು, ಇನ್ನೊಂದು, ಮತ್ತೊಂದು. ಬಲಗಡೆಯದರಲ್ಲಿ ಹುಡುಕಿದಳು. ಮೂಲೆಯಿಂದ ಮೂಲೆಗೆ, ಎಣಿಸುವವರು ನೋಡುವ ಹಾಗೆ ಸಾಲು ಹಿಡಿದು ನೋಡಿದಳು. ಇನ್ನೊಂದು ಸಲ ನೋಡಿ ಮುಗಿಸಿ, ಕುರ್ಚಿಯನ್ನು ಲ್ಯಾಪ್‌ಟಾಪಿನ ಹತ್ತಿರ ಎಳೆದುಕೊಂಡಳು.

"ಮೇಡಂ," ಅಂದಳು, "ಬ್ಲ್ಯಾಂಕಿನ ಚಿತ್ರ ದೊಡ್ಡದು ಮಾಡಿಸಿ."

"ಅದೆಲ್ಲ ಈಗ ಯಾಕೆ..." ಎಂದರು ರಮಾನಂದರು.

"ಮಾಡಿ," ಅಂದರು ರೋಹಾನಾ.

ಚಿತ್ರ ಪರದೆ ತುಂಬಿತು. ಹಸಿರು ಚೂರು, ಅಲ್ಲಲ್ಲಿ ಹೊಳೆಯುವ ಬಿಳಿ ಎಳೆ.

"ಮ್ಯಾನೇಜರ್ ಸಾಹೇಬರು ಹೇಳಿದ್ದು ನೂರಕ್ಕೆ ನೂರು ನಿಜ," ಅಂದಳು ಇಸ್ಮತ್. ದನಿ ತಗ್ಗಿತ್ತು, ಲುಬ್ನಾ ಬಾಗಿಲಲ್ಲಿ ನಿಂತು ಬೆರಗಿನಿಂದ ನೋಡಿದಳು. "ನನ್ನ ಬಟ್ಟೆ ಎಳೆ ಬಿಡುತ್ತದೆ. ಎಲ್ಲಿ ಬಿದ್ದರೂ ನನ್ನದೆಂದು ಗೊತ್ತಾಗಲಿ ಎಂದೇ ಆರು ವರ್ಷದಿಂದ ಇದನ್ನು ಹೊದೆಯುತ್ತಿದ್ದೇನೆ. ಹೊಳೆಯ ನೀರಿನ ಚಿತ್ರ ನೋಡಿ, ಏಳು ಕೆಂಪು ಎಳೆ ಇವೆ. ಸಾಕ್ಷಿ ತಟ್ಟೆ ಅದೇ ನೀರಿನ ಪಕ್ಕ, ಅದೇ ಒಂದು ಗಂಟೆ, ನನ್ನ ತಲೆಯ ಕೆಳಗೇ ಬಾಯ್ತೆರೆದು ಇತ್ತು. ಇದರಲ್ಲಿ ಒಂದು ಕೆಂಪು ಎಳೆ ತೋರಿಸಿ. ಒಂದೇ ಒಂದು ತೋರಿಸಿ, ಈಗಲೇ ಓಟಿಪಿ ಕೊಡುತ್ತೇನೆ."

ರೋಹಾನಾ ಕನ್ನಡಕ ತೆಗೆದು ಪರದೆಗೆ ಮುಖ ಹತ್ತಿರ ತಂದರು.

"ಹಸಿರು ಚೂರು ಮುನ್ನೂರು ಗಾಳಿಯಲ್ಲಿ ಹಾರಿ ಬಂದು ಬಿದ್ದವು, ತಲೆಯ ಮೇಲಿದ್ದ ಬಟ್ಟೆಯಿಂದ ಒಂದೂ ಬೀಳಲಿಲ್ಲ ಅಂದರೆ ಏನರ್ಥ? ಈ ತಟ್ಟೆ ಹೊಳೆ ಕಂಡಿಲ್ಲ. ನನ್ನನ್ನೂ ಕಂಡಿಲ್ಲ. ಕಪಾಟಿನಲ್ಲಿ ಐದು ವರ್ಷದ ತಟ್ಟೆಗಳಿವೆ, ಯಾವುದು ಬೇಕಾದರೂ ತೆಗೆಸಿ ನೋಡಿ. ನನ್ನ ಕೆಂಪಿಲ್ಲದ ತಟ್ಟೆ ಒಂದೂ ಸಿಕ್ಕುವುದಿಲ್ಲ. ಈ ತಟ್ಟೆಯಲ್ಲಿರುವುದು ಬಿಳಿ ಎಳೆ, ಹೊಳಪು ನೋಡಿದರೆ ಪಾಲಿಯೆಸ್ಟರ್. ಅಂಥದ್ದನ್ನು ಯಾರು ತೊಟ್ಟಿದ್ದರೋ ಅವರನ್ನೇ ಕೇಳಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ರಮಾನಂದರ ಕೈ ತಾನಾಗಿ ಬಿಳಿ ಕೋಟಿನ ತೋಳಿನ ಮೇಲೆ ಹೋಯಿತು. ತುಟಿ ಅಲ್ಲಾಡಿತು, ಸದ್ದು ಬರಲಿಲ್ಲ.

"ಯು ಆರ್ ಆನ್ ಮ್ಯೂಟ್, ಮಿಸ್ಟರ್ ರಮಾನಂದ," ಅಂದರು ರೋಹಾನಾ.

ಅವರು ಮ್ಯೂಟ್ ತೆಗೆಯಲೇ ಇಲ್ಲ. ಸ್ವಲ್ಪ ಹೊತ್ತಿಗೆ ಅವರ ಚೌಕವೇ ಮಾಯವಾಯಿತು. ಇಂಟರ್ನೆಟ್ ಹೋಯಿತಂತೆ.

ಮರುಪರೀಕ್ಷೆಯ ಆದೇಶ ಅಂದೇ ಬಂತು. ಅಧಿಕಾರಿಯ ಎದುರಿಗೆ, ಅದೇ ತೂಬಿನ ಕೆಳಗೆ, ಇಸ್ಮತ್‌ಳೇ ಮಾಡಬೇಕು, ತಟ್ಟೆಗಳಿಗೆ ಇಲಾಖೆಯ ಮೊಹರು. ಸಂಜೆ ರಮಾನಂದರ ಫೋನು.

"ನಮ್ಮೂರವಳು ಅಂತ ಕರೆದು ಕೆಲಸ ಕೊಟ್ಟದ್ದಕ್ಕೆ ಒಳ್ಳೇ ಮರ್ಯಾದೆ ಮಾಡಿದಿ."

"ನೀವು ಮಾಡಿದ್ದೇನ್ರಿ ಸರ್? ಬೇಲಿನ ಎದ್ದು ಹೊಲ ಮೇಯ್ದ್ರ ಯಾರಿಗೆ ಹೇಳೂದು? ಆ ನಿಯಮ ಗ್ವಾಡಿಗೆ ಅಂಟಿಸಿದಾವ್ರು ನೀವ. ನಾ ನಿಮ್ಮಿಂದ ಕಲ್ತಾಕಿ. ಅದಕ್ಕ ನನಗ ಹೊಟ್ಟಿ ಉರಿತೈತಿ."

"ಎರಡು ಯಂತ್ರ ಬಂದಿದ್ರೆ ವರ್ಷಪೂರ್ತಿ ಟೆಸ್ಟಿಂಗ್ ನಮ್ಗೇ ಬರ್ತಿತ್ತು. ಎಂಟು ಜನರ ಕೆಲಸ ಉಳೀತಿತ್ತು. ನಿನ್ನದೂ." ಒಂದು ಕ್ಷಣ ಅವರ ದನಿ ಮುದುಕನ ದನಿಯಾಯಿತು. ಮರುಕ್ಷಣ ಗಟ್ಟಿಯಾಯಿತು. "ರಿನ್ಯೂವಲ್ ಲೆಟರ್ ಹರಿದು ಹಾಕಿದ್ದೇನೆ. ಆಗಸ್ಟ್ ಮೂವತ್ತೊಂದು."

"ಹರೀರಿ. ನನ್ನ ಸಹಿ ಹರಿಯಾಕ ಆಗೂದಿಲ್ಲ ನಿಮಗ," ಅಂದಳು. ಫೋನಿಟ್ಟ ಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಹೊರಗೆ ಬಂದಾಗ ಜಲೀಲ್ ಅಟ್ಟದಿಂದ ಸೂಟ್‌ಕೇಸ್ ಇಳಿಸಿ ಧೂಳು ಒರೆಸುತ್ತಿದ್ದ. "ಆವಾಗ ನಾ ಹಂಗ ಕೇಳಬಾರದಿತ್ತು," ಅಂದ. "ಹೋಗ್ಲಿ ಬಿಡು. ಊರಾಗ ಏನರೆ ಮಾಡೋಣು." ಲುಬ್ನಾ ತಾಯಿಯ ಪಕ್ಕ ಬಂದು, ಓಢಣಿಯ ತುದಿ ಹಿಡಿದು ಕೂತಳು.

ಕ್ವಾರಂಟೈನ್ ಮುಗಿದ ಮೇಲೆ, ಆಗಸ್ಟಿನಲ್ಲಿ, ಮರುಪರೀಕ್ಷೆ ಆಯಿತು. ಈ ಸಲ ನಾನೂರ ಮೂವತ್ತೊಂದು, ಸಾಕ್ಷಿ ತಟ್ಟೆಯಲ್ಲಿ ನಾಲ್ಕು, ಅದರಲ್ಲಿ ಮೂರು ಕೆಂಪು. ಇಸ್ಮತ್ ಓಟಿಪಿ ಒತ್ತಿ ಸಹಿ ಮಾಡಿದಳು. ವರದಿ ಹೋಯಿತು. ಆ ರಾತ್ರಿ ಎಷ್ಟೋ ದಿನಗಳ ಮೇಲೆ ಅವಳಿಗೆ ನಿದ್ದೆ ಬಂತು.

ನ್ಯಾಯ ಸಿಕ್ಕಿತು ಅಂತೀರಾ? ಕೇಳಿ. ಒಂದು ವಾರದಲ್ಲಿ ಎರಡು ನೋಟಿಸು ಹೊರಟವು. ಒಂದು ಕಾರ್ಖಾನೆಗೆ: ಯಂತ್ರದ ಅರ್ಜಿ ತಿರಸ್ಕರಿಸಲಾಗಿದೆ, ಈಗಿರುವ ತೂಬಿನ ಬಗ್ಗೆ ಅರವತ್ತು ದಿನದೊಳಗೆ ವಿವರಣೆ ಕೊಡತಕ್ಕದ್ದು. ಅಲ್ಲಿಯವರೆಗೆ ಹಳೇ ಯಂತ್ರ ಓಡಬಹುದು, ಹಳೇ ತೂಬು ಹರಿಯಬಹುದು. ಇನ್ನೊಂದು ನೋಟಿಸು ಬೇರೊಂದು ಕಚೇರಿಯಿಂದ ಜೈತುನ್‌ಗೆ: ಹೊಳೆಯ ನೀರು ಕಲುಷಿತವೆಂದು ಸಾಬೀತಾಗಿರುವುದರಿಂದ ನಾಳೆಯಿಂದ ನಿಮ್ಮ ಮೀನು ಮಾರುವಂತಿಲ್ಲ. ಆಧಾರವಾಗಿ ವರದಿಯ ಸಂಖ್ಯೆ, ಇಸ್ಮತ್‌ಳ ಹೆಸರು. ಹೊಳೆ ಕೆಡಿಸಿದವನಿಗೆ ಅರವತ್ತು ದಿನ, ಹೊಳೆ ನಂಬಿದವಳಿಗೆ ಒಂದು ದಿನ! ಯಾವ ಧರ್ಮಕ್ಕೆ ಬಂದದ್ದು ಇದು?

ಸುದ್ದಿ ತಿಳಿದ ಬೆಳಿಗ್ಗೆ ಇಸ್ಮತ್ ಲ್ಯಾಬಿಗೆ ಹೋಗದೆ ಸೀದಾ ಹೊಳೆಗೆ ಹೋದಳು. ಹಲಗೆಯ ಕಟ್ಟೆಯ ಮೇಲೆ ಮಕ್‌ಚಿಕ್ ಬುಟ್ಟಿಗಳ ನಡುವೆ ಕೂತಿದ್ದಳು. ಮಾರುವಂತಿಲ್ಲವೆಂದ ಮೇಲೆ ಪಂಜರ ಖಾಲಿ ಮಾಡಿ ಮೀನೆಲ್ಲ ಮೇಲೆ ತಂದಿದ್ದಳು.

"ಮಕ್‌ಚಿಕ್, ಆ ವರದಿ ಬರೆದವಳು ನಾನು," ಅಂದಳು ಇಸ್ಮತ್. ಬೇರೆ ಯಾರೋ ಹೇಳುವ ಮೊದಲು ತಾನೇ ಹೇಳಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದಳು.

ಮುದುಕಿ ಮುಂದಿದ್ದ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು. "ಬಿಳಿ ಬಟ್ಟೆಯ ಮನೆಗಳಿಗೆ ಕೊಟ್ಟೆನಲ್ಲ," ಅಂದಳು, ಮಲಯ್‌ನಲ್ಲಿ. "ಮಕ್ಕಳಿದ್ದ ಮನೆಗಳು. ಒಳ್ಳೇದು ಮಾಡುತ್ತಿದ್ದೇನೆ ಅಂದುಕೊಂಡೆ. ಅವರಿಗೆ ನಾನು ಏನು ತಿನ್ನಿಸಿದೆ?"

ಇದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಇಸ್ಮತ್‌ಗೆ.

"ನಿನ್ನ ವರದಿಯಲ್ಲಿ ನೀರಿದೆ. ನನ್ನ ಮೀನು ಎಲ್ಲಿದೆ?" ಮಕ್‌ಚಿಕ್ ಪಕ್ಕದ ಬುಟ್ಟಿಯಿಂದ ಒಂದು ಮೀನೆತ್ತಿ ಒಂದೇ ಏಟಿಗೆ ಹೊಟ್ಟೆ ಸೀಳಿದಳು. ಕರುಳನ್ನು ಅಂಗೈಮೇಲಿಟ್ಟು ಇಸ್ಮತ್‌ಳ ಮುಖದ ಹತ್ತಿರ ಹಿಡಿದಳು. ಬೆರಳ ಸಂದಿಯಲ್ಲಿ ಹಸಿರು ಹೊಳೆಯಿತು. "ಅವರು ನೀರಿಗೆ ಅರವತ್ತು ದಿನ ಕೇಳುತ್ತಾರೆ. ಇದಕ್ಕೆ ಏನು ಕೇಳುತ್ತಾರೆ ನೋಡೋಣ. ಎಣಿಸು. ನಾನು ಕೋರ್ಟಿಗೆ ಹೋಗುತ್ತೇನೆ, ನೀನು ಎಣಿಸಿ ಬರೆದುಕೊಡು."

ರಮಾನಂದರ ಲ್ಯಾಬಿನಲ್ಲಿ ಇದನ್ನು ಎಣಿಸುವಂತಿರಲಿಲ್ಲ. ಮೈಕ್ರೋಸ್ಕೋಪು ಎಲ್ಲಿಂದ ತರುವುದು, ಯಾರ ಮೊಹರು ಹಾಕಿಸುವುದು, ಒಂದೂ ಗೊತ್ತಿರಲಿಲ್ಲ. ರೋಹಾನಾಗೆ ಫೋನ್ ಮಾಡಿ ಕೇಳಬೇಕು. ಜಲೀಲ್‌ಗೆ ಗಾಜಿನ ಬಾಟಲಿ ತರಲು ಹೇಳಬೇಕು. ಅವಳು ಚೀಲದಿಂದ ಒಂದು ಗಾಜಿನ ತಟ್ಟೆ ತೆಗೆದು, ಶುದ್ಧ ನೀರು ಹಾಕಿ, ಹಲಗೆಯ ಮೇಲೆ ಬಾಯ್ತೆರೆದು ಇಟ್ಟಳು. ಓಢಣಿ ಸರಿಮಾಡಿಕೊಂಡು ಮಕ್‌ಚಿಕ್‌ಳ ಎದುರು ಕೂತು, ಕೈ ಚಾಚಿದಳು.

ಅವಳ ಪಾಸ್ ಮುಗಿಯಲು ಇನ್ನು ಹನ್ನೊಂದು ದಿನ ಇತ್ತು. ಕಟ್ಟೆಯ ಮೇಲೆ ಹದಿನಾಲ್ಕು ಬುಟ್ಟಿ ಮೀನಿತ್ತು.